ಜೀವನಚರಿತ್ರೆ ಪ್ರಾಜೆಕ್ಟಿಗೆ ನೋಟ್ಸ್ ಮಾಡುವುದು ಹೇಗೆ? ವಿಶ್ವೇಶ್ವರಯ್ಯನವರನ್ನು ಮುಂದಿಟ್ಟುಕೊಂಡು ಒಂದು ಸಮಗ್ರ ಮಾರ್ಗದರ್ಶಿ

ಪ್ರಾಜೆಕ್ಟ್ ಬರೆಯಲು ಕೂತಾಗ ನೋಟ್‌ಬುಕ್ಕಿನಲ್ಲಿ "1911, ಅಣೆಕಟ್ಟು, ಮಹಾರಾಜರು" ಅಂತ ಮೂರು ಪದ ಕಾಣುತ್ತವೆ. ಅಕ್ಷರ ನಿಮ್ಮದೇ. ಆದರೆ ಯಾವ ಪುಸ್ತಕದ್ದು, ಯಾವ ಪುಟದ್ದು, 1911ರಲ್ಲಿ ಆಗಿದ್ದಾದರೂ ಏನು, ಒಂದೂ ನೆನಪಿಲ್ಲ. ಮತ್ತೆ ಲೈಬ್ರರಿಗೆ ಓಡಬೇಕು, ಇಲ್ಲವೇ ಅಂದಾಜಿನ ಮೇಲೆ ಬರೆಯಬೇಕು. ಜಾಸ್ತಿ ಜನ ಅಂದಾಜನ್ನೇ ಆರಿಸಿಕೊಳ್ಳುತ್ತಾರೆ.

ನೋಟ್ಸ್ ಅಂದರೆ ಪುಸ್ತಕವನ್ನು ಚಿಕ್ಕದಾಗಿ ಇಳಿಸಿಕೊಳ್ಳುವುದು ಅನ್ನುವ ಅಭ್ಯಾಸ ನಮಗೆ ಪರೀಕ್ಷೆಗಳಿಂದ ಬಂದಿದೆ. ಜೀವನಚರಿತ್ರೆಗೆ ಅದು ಸಾಲದು. ಒಬ್ಬ ಮನುಷ್ಯನ ಬಗ್ಗೆ ಯಾವುದೇ ಮಾತು ಕಣ್ಣಿಗೆ ಬಿದ್ದರೂ ಎರಡು ಪ್ರಶ್ನೆ ಕೇಳಬೇಕು. ಇದನ್ನು ಹೇಳಿದವರು ಯಾರು? ಅವರಿಗೆ ಹೇಗೆ ಗೊತ್ತು? ಈ ಎರಡಕ್ಕೆ ಉತ್ತರ ಬರೆದಿಟ್ಟುಕೊಂಡರೆ ಅರ್ಧ ಪ್ರಾಜೆಕ್ಟ್ ಮುಗಿದ ಹಾಗೆ.

ಉದಾಹರಣೆಗೆ ಸರ್ ಎಂ. ವಿಶ್ವೇಶ್ವರಯ್ಯನವರನ್ನು ತೆಗೆದುಕೊಳ್ಳುತ್ತೇನೆ. "ಎಲ್ಲರೂ ಅವರನ್ನೇ ಮಾಡ್ತಾರಲ್ಲ" ಅಂತ ಮೂಗು ಮುರಿಯಬೇಡಿ. ಎಲ್ಲರೂ ಮಾಡಿರುವುದರಿಂದಲೇ ಅವರ ಬಗ್ಗೆ ಸರಿ, ತಪ್ಪು, ಅರೆಸರಿ ಎಲ್ಲಾ ಬೆರೆತು ಹೋಗಿದೆ. ನೋಟ್ಸ್ ಮಾಡುವುದನ್ನು ಕಲಿಯಲು ಇದಕ್ಕಿಂತ ಒಳ್ಳೆಯ ಗರಡಿ ಸಿಗುವುದಿಲ್ಲ.

ಹಂತ 1: ಓದುವ ಮೊದಲು ಒಂದು ಪ್ರಶ್ನೆ

"ವಿಶ್ವೇಶ್ವರಯ್ಯ: ಜೀವನ ಮತ್ತು ಸಾಧನೆ" ಅನ್ನುವುದು ಶೀರ್ಷಿಕೆ, ಪ್ರಶ್ನೆಯಲ್ಲ. ನೂರು ವರ್ಷ ಬದುಕಿದವರ ಇಡೀ ಜೀವನವನ್ನು ಇಪ್ಪತ್ತು ಪುಟಕ್ಕೆ ಇಳಿಸಲು ಹೋದರೆ ಇಸವಿಗಳ ಪಟ್ಟಿ ಮಾತ್ರ ಉಳಿಯುತ್ತದೆ. ಒಂದು ತುಂಡನ್ನು ಹಿಡಿಯಿರಿ. 1908ರ ಸೆಪ್ಟೆಂಬರಿನಲ್ಲಿ ಮೂಸಿ ನದಿ ಉಕ್ಕಿ ಹೈದರಾಬಾದ್ ಮುಳುಗಿದ ಮೇಲೆ ಅವರನ್ನು ಅಲ್ಲಿಗೆ ಕರೆಸಿದ್ದೇಕೆ, ಅವರು ಕೊಟ್ಟ ಸಲಹೆ ಏನು? 1909ರಲ್ಲಿ ಮುಖ್ಯ ಎಂಜಿನಿಯರ್ ಆಗಿ ಮೈಸೂರಿಗೆ ಬಂದವರು ಮೂರೇ ವರ್ಷದಲ್ಲಿ ದಿವಾನರಾದದ್ದು ಹೇಗೆ? 1918ರ ಕೊನೆಗೆ ಆ ಹುದ್ದೆ ಬಿಟ್ಟದ್ದೇಕೆ? ಇವು ಪ್ರಶ್ನೆಗಳು.

ಪ್ರಶ್ನೆಯನ್ನು ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಬರೆಯಿರಿ. ಓದುತ್ತಾ ಹೋದಂತೆ ಅದು ಬದಲಾಗಬಹುದು. ಬದಲಾದರೆ ಹಳೆಯದನ್ನು ಅಳಿಸಬೇಡಿ, ಕೆಳಗೆ ಹೊಸದನ್ನು ತಾರೀಕಿನ ಜೊತೆ ಬರೆಯಿರಿ. ಏನನ್ನು ನೋಟ್ ಮಾಡಬೇಕು, ಏನನ್ನು ಬಿಡಬೇಕು ಅಂತ ಗೊತ್ತಾಗದೆ ಕೂತಾಗ ಆ ಪುಟ ನೋಡಿದರೆ ಸಾಕು.

ಹಂತ 2: ಮೂಲಗಳ ಪಟ್ಟಿ, ಪ್ರತಿಯೊಂದಕ್ಕೂ ಒಂದು ನಂಬರ್

ನೋಟ್‌ಬುಕ್ಕಿನ ಕೊನೆಯ ನಾಲ್ಕು ಪುಟ ಇದಕ್ಕೆ ಮೀಸಲು. ಪುಸ್ತಕ ಕೈಗೆ ಬಂದ ಕೂಡಲೇ, ಒಂದು ಸಾಲೂ ಓದುವ ಮುಂಚೆ, ಲೇಖಕರು, ಪುಸ್ತಕದ ಹೆಸರು, ಪ್ರಕಾಶಕರು, ಮುದ್ರಣದ ವರ್ಷ, ಎಲ್ಲಿ ಸಿಕ್ಕಿತು ಅಂತ ಬರೆದು ನಂಬರ್ ಕೊಡಿ: ಮೂಲ 1, ಮೂಲ 2. ವೆಬ್ ಪುಟವಾದರೆ ನೀವು ನೋಡಿದ ತಾರೀಕೂ ಬೇಕು, ಪುಟ ನಾಳೆ ಬದಲಾಗಬಹುದು. ಮುದ್ರಣದ ವರ್ಷ ಮರೆಯಬೇಡಿ. ಎರಡನೇ ಮುದ್ರಣದಲ್ಲಿ ಪುಟ ಸಂಖ್ಯೆ ಬೇರೆಯಾಗಿರುತ್ತದೆ.

ಪಕ್ಕದಲ್ಲಿ ಒಂದೇ ಸಾಲಿನಲ್ಲಿ ಆ ಮೂಲ ಎಂಥದ್ದು ಅಂತ ಬರೆಯಿರಿ. ವಿಶ್ವೇಶ್ವರಯ್ಯನವರ ಆತ್ಮಕಥನ 'ಮೆಮೊಯರ್ಸ್ ಆಫ್ ಮೈ ವರ್ಕಿಂಗ್ ಲೈಫ್' 1951ರಲ್ಲಿ ಬಂತು. ಅದರ ಪಕ್ಕದ ಸಾಲು ಹೀಗಿರಬಹುದು: "ಅವರೇ ಬರೆದದ್ದು. ಆದರೆ ತೊಂಬತ್ತರ ಹತ್ತಿರ, ದಿವಾನಗಿರಿ ಬಿಟ್ಟು ಮೂವತ್ತು ವರ್ಷ ಕಳೆದ ಮೇಲೆ. ಹೆಸರೇ ಹೇಳುವಂತೆ ಕೆಲಸದ ಬದುಕಿನ ನೆನಪು." ಸ್ವತಃ ಅವರೇ ಹೇಳಿದ್ದು ಅನ್ನುವ ಬೆಲೆ ಅದಕ್ಕಿದೆ. ತಮ್ಮ ಬಗ್ಗೆ ತಾವೇ ಹೇಳಿಕೊಂಡದ್ದು ಅನ್ನುವ ಮಿತಿಯೂ ಇದೆ.

ಹಂತ 3: ಚಿಕ್ಕದರಿಂದ ದೊಡ್ಡದಕ್ಕೆ

ಮೊದಲು ವಿಶ್ವಕೋಶದ್ದೋ ವಿಕಿಪೀಡಿಯದ್ದೋ ಲೇಖನ ಓದಿ. ಅಲ್ಲಿಂದ ನೋಟ್ಸ್ ಬೇಡ, ಮುಖ್ಯ ಘಟ್ಟಗಳ ನಕ್ಷೆ ತಲೆಗೆ ಬಂದರೆ ಸಾಕು. ಕೆಳಗಿನ ಅಡಿಟಿಪ್ಪಣಿಗಳನ್ನು ಮಾತ್ರ ಬಿಡಬೇಡಿ, ಮುಂದೆ ಓದಬೇಕಾದ್ದರ ಸುಳಿವು ಅಲ್ಲಿದೆ. ಆಮೇಲೆ ಒಂದು ಒಳ್ಳೆಯ ಜೀವನಚರಿತ್ರೆ. ನಂತರ ಅವರದೇ ಬರಹ ಮತ್ತು ಭಾಷಣ. ಕೊನೆಗೆ ಆ ಕಾಲದ ಪತ್ರಿಕೆ, ಸರ್ಕಾರಿ ವರದಿ, ಗೆಜೆಟಿಯರ್. ಬೆಂಗಳೂರಿನಲ್ಲಿದ್ದರೆ ಕಬ್ಬನ್ ಪಾರ್ಕಿನ ರಾಜ್ಯ ಕೇಂದ್ರ ಗ್ರಂಥಾಲಯ, ರಾಜ್ಯ ಪತ್ರಾಗಾರ ಇವೆ. ಊರಲ್ಲಿದ್ದರೆ ಹಳೆಯ ಪುಸ್ತಕಗಳ ಸ್ಕ್ಯಾನ್ ಪ್ರತಿ ಇಂಟರ್ನೆಟ್ ಆರ್ಕೈವ್‌ನಲ್ಲಿ ಹುಡುಕಿ. ಕನ್ನಡ ಹೆಸರನ್ನು ಇಂಗ್ಲಿಷ್ ಅಕ್ಷರದಲ್ಲಿ ನಾಲ್ಕೈದು ಥರ ಬರೆಯುವುದರಿಂದ ಎಲ್ಲಾ ಥರದಲ್ಲೂ ಹುಡುಕಬೇಕು. 'ವಿ' ಅಕ್ಷರದ ನಂತರ 'ಎಸ್' ಒಂದೇ ಇರಬಹುದು, 'ಎಚ್' ಸೇರಿರಬಹುದು.

ಹಂತ 4: ಒಂದು ಕಾರ್ಡಿಗೆ ಒಂದೇ ವಿಷಯ

ಲಾಂಗ್ ಬುಕ್ಕಿನಲ್ಲಿ ಸಾಲಾಗಿ ಬರೆಯುತ್ತಾ ಹೋದರೆ ಒಂದು ತೊಂದರೆ. ಕೆ.ಆರ್.ಎಸ್. (ಕೃಷ್ಣರಾಜ ಸಾಗರ ಅಣೆಕಟ್ಟು) ಬಗ್ಗೆ ಒಂದು ಮಾತು 3ನೇ ಪುಟದಲ್ಲಿ, ಇನ್ನೊಂದು 19ರಲ್ಲಿ, ಮತ್ತೊಂದು 40ರಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ. ಅದಕ್ಕೇ ಬಿಡಿ ಕಾರ್ಡು. ಸ್ಟೇಷನರಿ ಅಂಗಡಿಯಲ್ಲಿ ಸಿಗುತ್ತದೆ, ಇಲ್ಲಾಂದ್ರೆ ಒಂದು ಕಡೆ ಖಾಲಿ ಇರುವ ಹಳೇ ಎ4 ಹಾಳೆಯನ್ನು ನಾಲ್ಕು ಮಾಡಿದರೂ ಆಯಿತು. ಒಂದು ಕಾರ್ಡು ಹೀಗಿರಲಿ:

ತಲೆಬರಹ: ಕೆ.ಆರ್.ಎಸ್., ಕೆಲಸ ಶುರುವಾದದ್ದು
ಮೂಲ: 2, ಪುಟ (ನಿಮ್ಮ ಪ್ರತಿಯದ್ದು)
ಸಾರ: 1911ರಲ್ಲಿ ಕೆಲಸ ಶುರು. ಆಗ ವಿ. ಮುಖ್ಯ ಎಂಜಿನಿಯರ್. ದಿವಾನರಾದದ್ದು 1912ರಲ್ಲಿ.
ನನ್ನ ಮಾತು: ಹಾಗಾದ್ರೆ 1911ರಲ್ಲಿ ದಿವಾನರು ಯಾರು? ಈ ಯೋಜನೆಗೆ ಅವರು ಏನಂದ್ರು?

ಆ ಕೊನೆಯ ಸಾಲನ್ನು ನೋಡಿ. ಕಾರ್ಡು ಬರೆಯುವಾಗ ಸಹಜವಾಗಿ ಹುಟ್ಟಿದ ಪ್ರಶ್ನೆ ಅದು. ಹುಡುಕಿದರೆ ಟಿ. ಆನಂದರಾವ್ ಅವರ ಹೆಸರು ಸಿಗುತ್ತದೆ, 1909ರಿಂದ 1912ರವರೆಗೆ ದಿವಾನರಾಗಿದ್ದವರು. ಶಾಲೆಯ ಪ್ರಾಜೆಕ್ಟುಗಳಲ್ಲಿ ಅವರ ಹೆಸರು ಕಾಣುವುದೇ ಅಪರೂಪ. ನಿಮ್ಮ ಬರಹ ಬೇರೆಯವರದ್ದಕ್ಕಿಂತ ಬೇರೆಯಾಗುವುದು ಇಂಥ ಕಡೆ.

ಮೊಬೈಲಿನಲ್ಲಿ ಮಾಡಿದರೂ ನಡೆಯುತ್ತದೆ. ಒಂದು ಸ್ಪ್ರೆಡ್‌ಶೀಟ್, ಐದು ಕಾಲಂ: ಇಸವಿ, ವಿಷಯ, ಸಾರ, ಮೂಲ ಮತ್ತು ಪುಟ, ನನ್ನ ಮಾತು. ಇಸವಿ ಪ್ರಕಾರ ಜೋಡಿಸಬಹುದು, ವಿಷಯದ ಪ್ರಕಾರವೂ ಜೋಡಿಸಬಹುದು. ಆದರೆ ಪುಸ್ತಕದ ಪುಟಗಳನ್ನು ಸುಮ್ನೆ ಫೋಟೊ ಹೊಡೆದು ಗ್ಯಾಲರಿಯಲ್ಲಿ ಬಿಡುವುದನ್ನು ನೋಟ್ಸ್ ಅನ್ನಲಾಗದು. ಅದು ಜೆರಾಕ್ಸ್, ಅಷ್ಟೆ. ಫೋಟೊ ತೆಗೆಯುವುದಾದರೆ ಪುಸ್ತಕದ ಶೀರ್ಷಿಕೆ ಪುಟದ ಫೋಟೊ ಮೊದಲು.

ಹಂತ 5: ಅವರ ಮಾತು, ಸಾರ, ನಿಮ್ಮ ಮಾತು ಬೇರೆ ಬೇರೆ

ಕಾಪಿ ಹೊಡೆದಿದ್ದಾರೆ ಅನ್ನುವ ಆರೋಪ ಬರುವುದು ಬಹಳ ಸಲ ಮೋಸದಿಂದಲ್ಲ, ನೋಟ್ಸಿನಿಂದ. ಪುಸ್ತಕದ ವಾಕ್ಯವನ್ನು ಹಾಗೇ ಇಳಿಸಿಕೊಂಡಿರುತ್ತೀರಿ, ತಿಂಗಳಾದ ಮೇಲೆ ಅದು ನಿಮ್ಮದೇ ವಾಕ್ಯ ಅನ್ನಿಸುತ್ತದೆ. ಅದಕ್ಕೆ ಒಂದು ಕಟ್ಟುನಿಟ್ಟು. ಪುಸ್ತಕದ ಮಾತು ಹಾಗೇ ಬಂದರೆ ಎರಡೂ ಕಡೆ ಉದ್ಧರಣ ಚಿಹ್ನೆ, ಒಂದು ಅಕ್ಷರವೂ ಬದಲಾಗಬಾರದು. ಸಾರವಾದರೆ ಚಿಹ್ನೆ ಇಲ್ಲ. ನಿಮ್ಮ ಅನಿಸಿಕೆ, ಅನುಮಾನ, ಪ್ರಶ್ನೆ ಬೇರೆ ಬಣ್ಣದ ಪೆನ್ನಿನಲ್ಲಿ.

ಸಾರ ಬರೆಯುವಾಗ ಪುಸ್ತಕ ಮುಚ್ಚಿ. ಒಂದು ಪ್ಯಾರಾ ಓದಿ, ಮುಚ್ಚಿಟ್ಟು, ಮನೆಯಲ್ಲಿ ತಮ್ಮನಿಗೋ ತಂಗಿಗೋ ಹೇಳುವ ಹಾಗೆ ಬಾಯಲ್ಲಿ ಹೇಳಿ, ಹೇಳಿದ್ದನ್ನೇ ಬರೆಯಿರಿ. ಆಮೇಲೆ ತೆರೆದು ಹೆಸರು, ಅಂಕಿ, ಇಸವಿ ತಾಳೆ ನೋಡಿ.

"ಅಪ್ರತಿಮ ದೂರದೃಷ್ಟಿಯಿಂದ ಸಂಸ್ಥಾನದ ಕೈಗಾರಿಕೆಗಳಿಗೆ ಭದ್ರ ಬುನಾದಿ ಹಾಕಿದ ಧೀಮಂತರು" ಅನ್ನುವ ಥರದ ಸಾಲು ಸಿಕ್ಕಿತು ಅಂದುಕೊಳ್ಳಿ. ಪುಸ್ತಕ ಮುಚ್ಚಿ ಹೇಳಲು ಹೋದರೆ ಹೇಳಲು ಏನೂ ಇರುವುದಿಲ್ಲ. ಯಾವ ಕೈಗಾರಿಕೆ, ಯಾವ ವರ್ಷ, ಏನು ಮಾಡಿದರು, ಒಂದೂ ಇಲ್ಲ. ಅಂಥ ಸಾಲಿಗೆ ಕಾರ್ಡು ದಂಡ. ಅಭಿನಂದನಾ ಗ್ರಂಥಗಳನ್ನು ಓದುವಾಗ ಈ ಪರೀಕ್ಷೆ ತುಂಬಾ ಹೊತ್ತು ಉಳಿಸುತ್ತದೆ.

ಹಂತ 6: ಕಾಲರೇಖೆ, ಮತ್ತು ಒಂದಕ್ಕೊಂದು ತಾಳೆಯಾಗದ ತಾರೀಕುಗಳು

ಎಲ್ಲಾ ಕಾರ್ಡುಗಳ ಇಸವಿಗಳನ್ನು ಒಂದು ಉದ್ದ ಹಾಳೆಯಲ್ಲಿ ಸಾಲಾಗಿ ಬರೆಯಿರಿ. ಮೂರನೇ ಪುಸ್ತಕದ ಹೊತ್ತಿಗೆ ಜಗಳ ಶುರುವಾಗುತ್ತದೆ. ಆಗ ಖುಷಿ ಪಡಿ, ನೋಟ್ಸ್ ಕೆಲಸ ಮಾಡುತ್ತಿದೆ ಅಂತ ಅರ್ಥ.

ವಿಶ್ವೇಶ್ವರಯ್ಯನವರ ಹುಟ್ಟಿದ ದಿನ ಸೆಪ್ಟೆಂಬರ್ 15, ಎಂಜಿನಿಯರುಗಳ ದಿನ. ಎಲ್ಲರಿಗೂ ಗೊತ್ತು. ವರ್ಷ? ಕೆಲವು ಕಡೆ 1860, ಕೆಲವು ಕಡೆ 1861. ವಿದ್ಯಾರ್ಥಿಗಳು ಮಾಡುವುದೇನು? ಮೊದಲು ಕಂಡದ್ದನ್ನು ಬರೆದು ಸುಮ್ಮನಾಗುತ್ತಾರೆ. ನೀವು ಹಾಗೆ ಮಾಡಬೇಡಿ. ಎರಡಕ್ಕೂ ಕಾರ್ಡು ಮಾಡಿ, ತಲೆಬರಹ ಒಂದೇ ಇರಲಿ, ಮೂಲೆಯಲ್ಲಿ ಪ್ರಶ್ನಾರ್ಥಕ ಚಿಹ್ನೆ ಹಾಕಿ.

ಈಗ ಮೂರನೇ ಸುಳಿವು. ಅವರ ಜನ್ಮಶತಮಾನೋತ್ಸವದ ಅಂಚೆಚೀಟಿ ಹೊರಬಂದದ್ದು 1960ರ ಸೆಪ್ಟೆಂಬರ್ 15ರಂದು. ಅವರು ಆಗ ಬದುಕಿದ್ದರು. ಲೆಕ್ಕ ಹಾಕಿ. 1860ರಲ್ಲಿ ಹುಟ್ಟಿದ್ದರೆ ಅಂದು ನೂರು ತುಂಬಿತು. 1861ರಲ್ಲಿ ಹುಟ್ಟಿದ್ದರೆ ತೊಂಬತ್ತೊಂಬತ್ತು ತುಂಬಿ ನೂರಕ್ಕೆ ಕಾಲಿಟ್ಟರು. ನಮ್ಮಲ್ಲಿ ಕಾಲಿಟ್ಟ ವರ್ಷವನ್ನೂ ಲೆಕ್ಕಕ್ಕೆ ಹಿಡಿಯುವ ರೂಢಿ ಇದೆ, ಅಲ್ವಾ? ಹಾಗಾಗಿ ಅಂಚೆಚೀಟಿ ಒಂದರಿಂದಲೇ ತೀರ್ಮಾನ ಆಗುವುದಿಲ್ಲ. ಆದರೆ 1860 ಅನ್ನುವುದು ಬರೀ ಅಚ್ಚಿನ ತಪ್ಪಲ್ಲ ಅಂತ ಗೊತ್ತಾಯಿತು. ಕಾರ್ಡಿನ 'ನನ್ನ ಮಾತು' ಜಾಗದಲ್ಲಿ ಈ ಲೆಕ್ಕ ಪೂರ್ತಿ ಬರೆಯಿರಿ. ಪ್ರಾಜೆಕ್ಟಿನಲ್ಲಿ ಒಂದು ವರ್ಷವನ್ನು ಬಳಸಿ, ಇನ್ನೊಂದೂ ಇದೆ ಅಂತ ಅಡಿಯಲ್ಲಿ ಹೇಳಿ.

ತೀರಿಕೊಂಡ ದಿನದ್ದೂ ಇದೇ ಕಥೆ. 1962ರ ಏಪ್ರಿಲ್ ಅನ್ನುವುದರಲ್ಲಿ ತಕರಾರಿಲ್ಲ. 12 ಅಂತ ಕೆಲವು ಕಡೆ, 14 ಅಂತ ಕೆಲವು ಕಡೆ. ಇದನ್ನು ಬಿಡಿಸುವುದು ಸುಲಭ. ಆ ವಾರದ ದಿನಪತ್ರಿಕೆಯ ಹಳೆ ಸಂಚಿಕೆ ನೋಡಿದರಾಯಿತು. ಪ್ರಜಾವಾಣಿ 1948ರಿಂದಲೇ ಬರುತ್ತಿತ್ತು. ಭಾರತರತ್ನ ಪಡೆದವರ ಸಾವು ಮುಖಪುಟದ ಸುದ್ದಿಯಾಗದೆ ಇರುತ್ತದೆಯೇ?

ಕೆಲವು ಜಗಳಗಳು ಜಗಳವೇ ಅಲ್ಲ. ಮುದ್ದೇನಹಳ್ಳಿ ಹಳೆಯ ಪುಸ್ತಕದಲ್ಲಿ ಕೋಲಾರ ಜಿಲ್ಲೆ, ಈಗಿನದರಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆ. ಎರಡೂ ಸರಿ, ಚಿಕ್ಕಬಳ್ಳಾಪುರ ಬೇರೆ ಜಿಲ್ಲೆ ಆದದ್ದು 2007ರಲ್ಲಿ. "1912ರಲ್ಲಿ ಕರ್ನಾಟಕದ ದಿವಾನರಾದರು" ಅಂತ ಬರೆದರೆ ಮಾತ್ರ ತಪ್ಪು. ಆಗ ಇದ್ದದ್ದು ಮೈಸೂರು ಸಂಸ್ಥಾನ, ರಾಜ್ಯಕ್ಕೆ ಕರ್ನಾಟಕ ಅನ್ನುವ ಹೆಸರು ಬಂದದ್ದು 1973ರಲ್ಲಿ. ಅಂಕಿಗಳಲ್ಲೂ ಹೀಗೇ. ಪ್ರತಿ ಮಳೆಗಾಲ ಸುದ್ದಿಯಲ್ಲಿ ಬರುವ 124.80 ಅಡಿ ಅನ್ನುವುದು ಕೆ.ಆರ್.ಎಸ್. ನೀರಿನ ಗರಿಷ್ಠ ಮಟ್ಟ. ಕಟ್ಟೆಯ ಎತ್ತರ ಸುಮಾರು 130 ಅಡಿ. ಅಂಕಿ ಬರೆಯುವಾಗ ಅದು ಯಾವುದರ ಅಂಕಿ ಅಂತಲೂ ಬರೆಯಬೇಕು.

ಹಂತ 7: ಕ್ರಿಯಾಪದದ ಮೇಲೆ ಕಣ್ಣಿಡಿ

ನನ್ನ ಪ್ರಕಾರ ಜೀವನಚರಿತ್ರೆಯ ನೋಟ್ಸಿನಲ್ಲಿ ಅತಿ ಹೆಚ್ಚು ತಪ್ಪು ನುಸುಳುವುದು ಇಸವಿಯಲ್ಲಲ್ಲ, "ಸ್ಥಾಪಿಸಿದರು", "ಕಟ್ಟಿದರು", "ತಂದರು" ಅನ್ನುವ ಪದಗಳಲ್ಲಿ.

ಮೈಸೂರು ಬ್ಯಾಂಕ್ 1913, ಕನ್ನಡ ಸಾಹಿತ್ಯ ಪರಿಷತ್ತು 1915, ಮೈಸೂರು ವಿಶ್ವವಿದ್ಯಾಲಯ 1916, ಬೆಂಗಳೂರಿನ ಎಂಜಿನಿಯರಿಂಗ್ ಕಾಲೇಜು 1917. ಎಲ್ಲವನ್ನೂ "ವಿಶ್ವೇಶ್ವರಯ್ಯ ಸ್ಥಾಪಿಸಿದರು" ಅಂತ ಒಂದೇ ಉಸಿರಿನಲ್ಲಿ ಹೇಳಿಬಿಡುತ್ತೇವೆ. ಇವೆಲ್ಲ ಅವರು ದಿವಾನರಾಗಿದ್ದಾಗ ಆದವು, ಅವರ ಒತ್ತಾಸೆ ಇತ್ತು ಅನ್ನುವುದು ಸರಿ. ಆದರೆ ಮಹಾರಾಜರಾಗಿದ್ದವರು ನಾಲ್ವಡಿ ಕೃಷ್ಣರಾಜ ಒಡೆಯರ್. ವಿಶ್ವವಿದ್ಯಾಲಯದ ಮೊದಲ ಕುಲಪತಿ ಮತ್ತು ಪರಿಷತ್ತಿನ ಮೊದಲ ಅಧ್ಯಕ್ಷ ಎರಡೂ ಎಚ್.ವಿ. ನಂಜುಂಡಯ್ಯ. ಹಾಗಾಗಿ ಕಾರ್ಡಿನಲ್ಲಿ ಕ್ರಿಯಾಪದವನ್ನು ಬಿಡಿಸಿ ಬರೆಯಿರಿ: ಸೂಚಿಸಿದರು, ಯೋಜನೆ ಹಾಕಿದರು, ಹಣ ಕೊಡಿಸಿದರು, ಮೇಲ್ವಿಚಾರಣೆ ಮಾಡಿದರು, ಅವರ ಕಾಲದಲ್ಲಿ ಆಯಿತು. ಮೂಲದಲ್ಲಿ ಯಾವುದು ಅಂತ ಸ್ಪಷ್ಟ ಇಲ್ಲದಿದ್ದರೆ "ಸ್ಪಷ್ಟ ಇಲ್ಲ" ಅಂತಲೇ ಬರೆಯಿರಿ.

ಕೆ.ಆರ್.ಎಸ್. ಮೇಲೆ ಇದನ್ನು ಪ್ರಯೋಗ ಮಾಡಿ ನೋಡಿ. ಕೆಲಸ 1911ರಲ್ಲಿ ಶುರುವಾಗಿ ಮುಗಿದದ್ದು 1930ರ ದಶಕದ ಆರಂಭದಲ್ಲಿ. ಅವರು ದಿವಾನಗಿರಿ ಬಿಟ್ಟದ್ದು 1918ರ ಕೊನೆಗೆ. ನಡುವಿನ ಹನ್ನೆರಡು-ಹದಿಮೂರು ವರ್ಷ ಕಟ್ಟಿದವರು ಯಾರು? ಬೇರೆ ಎಂಜಿನಿಯರುಗಳು, ಸಾವಿರಾರು ಕೂಲಿಯವರು. ಮುಳುಗಿದ ಕನ್ನಂಬಾಡಿಯ ಜನ ಎಲ್ಲಿಗೆ ಹೋದರು? ಇಷ್ಟು ಕೇಳಿಕೊಂಡ ಮೇಲೆ "ಕೆ.ಆರ್.ಎಸ್. ಕಟ್ಟಿದರು" ಅನ್ನುವ ಎರಡು ಪದದ ವಾಕ್ಯ ಬರೆಯಲು ಕೈ ಬರುವುದಿಲ್ಲ. ಅವರು ಮಾಡಿದ್ದು ಇದರಿಂದ ಚಿಕ್ಕದಾಗುವುದಿಲ್ಲ. ಅವರು ಮಾಡಿದ್ದು ಏನು ಅಂತ ಸರಿಯಾಗಿ ಕಾಣಿಸುತ್ತದೆ.

ಇನ್ನೊಂದು. "ಶಿವನಸಮುದ್ರದಲ್ಲಿ ವಿದ್ಯುತ್ ತಂದವರು ವಿಶ್ವೇಶ್ವರಯ್ಯ" ಅಂತ ಯಾರಾದರೂ ಬರೆದದ್ದು ಕಂಡರೆ ಕಾಲರೇಖೆಗೆ ಹಿಡಿಯಿರಿ. ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಹರಿದದ್ದು 1902ರಲ್ಲಿ, ದಿವಾನ್ ಕೆ. ಶೇಷಾದ್ರಿ ಅಯ್ಯರ್ ಕಾಲದಲ್ಲಿ ಹೂಡಿದ ಕೆಲಸ ಅದು. ವಿಶ್ವೇಶ್ವರಯ್ಯನವರು ಆಗ ಮುಂಬಯಿ ಪ್ರಾಂತ್ಯದ ನೌಕರಿಯಲ್ಲಿದ್ದರು. ಮುಂದಿನ ವರ್ಷ, 1903ರಲ್ಲಿ, ಪುಣೆ ಹತ್ತಿರದ ಖಡಕ್‌ವಾಸ್ಲಾ ಅಣೆಕಟ್ಟಿಗೆ ಅವರ ಸ್ವಯಂಚಾಲಿತ ಗೇಟು ಬಂತು. ಹಾಗಾದರೆ ಶಿವನಸಮುದ್ರಕ್ಕೂ ಅವರಿಗೂ ಸಂಬಂಧವೇ ಇಲ್ಲವೇ? ಇದೆ. ಆ ಕೇಂದ್ರಕ್ಕೆ ವರ್ಷವಿಡೀ ನೀರು ಸಿಗುವಂತೆ ಮಾಡುವುದು ಕೆ.ಆರ್.ಎಸ್.ನ ಒಂದು ಉದ್ದೇಶವಾಗಿತ್ತು. ತಪ್ಪು ವಾಕ್ಯದ ಬಾಲ ಹಿಡಿದು ಹೋದರೆ ಸರಿಯಾದ ಕೊಂಡಿ ಸಿಗುವುದು ಹೀಗೆ.

ಹಂತ 8: ದಂತಕಥೆಗೆ ಬೇರೆ ಡಬ್ಬಿ

ಎರಡು ಮೇಣದಬತ್ತಿಯ ಕಥೆ ಕೇಳದವರಿಲ್ಲ. ಸರ್ಕಾರಿ ಕೆಲಸಕ್ಕೆ ಸರ್ಕಾರದ ಬತ್ತಿ, ಸ್ವಂತ ಕೆಲಸಕ್ಕೆ ಸ್ವಂತ ಬತ್ತಿ. ಇದೇ ಕಥೆಯನ್ನು ದೀಪದ ಹೆಸರು ಬದಲಿಸಿ ಚಾಣಕ್ಯನ ಬಗ್ಗೆಯೂ ಹೇಳುತ್ತಾರೆ, ಖಲೀಫ ಉಮರ್ ಬಿನ್ ಅಬ್ದುಲ್ ಅಜೀಜ್ ಬಗ್ಗೆಯೂ ಹೇಳುತ್ತಾರೆ. ರೈಲಿನ ಚೈನು ಎಳೆದು ಮುಂದೆ ಹಳಿ ಮುರಿದಿದೆ ಅಂದ ಕಥೆ ಇನ್ನೊಂದು. ಅದನ್ನು ಓದುವಾಗ ಯಾವ ರೈಲು, ಯಾವ ವರ್ಷ, ಯಾವ ಸ್ಟೇಷನ್ ಹತ್ತಿರ ಅಂತ ಹುಡುಕಿ. ಆತ್ಮಕಥನದಲ್ಲಿ ಇದೆಯಾ? ಅವರನ್ನು ಹತ್ತಿರದಿಂದ ಬಲ್ಲ ಡಿ.ವಿ.ಜಿ. ಅಂಥವರ ಬರಹದಲ್ಲಿ ಇದೆಯಾ?

ಸಿಗಲಿಲ್ಲ ಅಂತ ಕಥೆಯನ್ನು ಎಸೆಯಬೇಡಿ. ಕಾರ್ಡಿನ ಮೇಲೆ "ಕಥೆ" ಅಂತ ಬರೆದು, ನಿಮಗೆ ಸಿಕ್ಕ ಅತಿ ಹಳೆಯ ಮೂಲ ಯಾವುದು ಅಂತ ನಮೂದಿಸಿ, ಬೇರೆ ಡಬ್ಬಿಗೆ ಹಾಕಿ. ಪ್ರಾಜೆಕ್ಟಿನಲ್ಲಿ "ಜನ ಹೀಗೆ ಹೇಳುತ್ತಾರೆ" ಅಂತ ಬಳಸಬಹುದು. ಒಂದು ಕಾಲದ ಜನಕ್ಕೆ ಅಧಿಕಾರಿ ಹೇಗಿರಬೇಕು ಅನ್ನಿಸುತ್ತಿತ್ತು ಅನ್ನುವುದಕ್ಕೆ ಅದು ಚೆನ್ನಾಗಿ ಒದಗುತ್ತದೆ.

ಹಂತ 9: ಹಿಡಿಸದ ವಿಷಯಕ್ಕೂ ಕಾರ್ಡು

1918ರಲ್ಲಿ ಮಹಾರಾಜರು ನ್ಯಾಯಮೂರ್ತಿ ಲೆಸ್ಲಿ ಮಿಲ್ಲರ್ ಅಧ್ಯಕ್ಷತೆಯಲ್ಲಿ ಒಂದು ಸಮಿತಿ ಮಾಡಿದರು. ಸರ್ಕಾರಿ ನೌಕರಿಯಲ್ಲಿ ಬ್ರಾಹ್ಮಣೇತರರಿಗೆ ಹೆಚ್ಚು ಜಾಗ ಸಿಗುವಂತೆ ಮಾಡುವುದು ಹೇಗೆ ಅನ್ನುವುದು ಅದರ ಮುಂದಿದ್ದ ಪ್ರಶ್ನೆ. ವಿಶ್ವೇಶ್ವರಯ್ಯನವರಿಗೆ ಈ ದಾರಿ ಒಪ್ಪಿಗೆಯಿರಲಿಲ್ಲ. ಅದೇ ವರ್ಷದ ಕೊನೆಗೆ ಅವರು ಹುದ್ದೆ ಬಿಟ್ಟರು. ಮಕ್ಕಳ ಪುಸ್ತಕಗಳಲ್ಲಿ ಈ ಭಾಗ ಸಾಮಾನ್ಯವಾಗಿ ಒಂದು ಸಾಲಿಗೆ ಇಳಿದಿರುತ್ತದೆ, ಇಲ್ಲವೇ ಇರುವುದೇ ಇಲ್ಲ.

ಇಲ್ಲಿ ನೋಟ್ಸ್ ಎರಡು ಕಡೆಯಿಂದಲೂ ಬರಬೇಕು. ಅವರ ವಾದ ಏನು ಅನ್ನುವುದನ್ನು ಅವರದೇ ಬರಹದಿಂದ ತೆಗೆಯಿರಿ. ಹಿಂದುಳಿದ ವರ್ಗಗಳ ಚಳವಳಿಯ ಇತಿಹಾಸ ಬರೆದವರು ಇದನ್ನು ಹೇಗೆ ನೋಡುತ್ತಾರೆ ಅನ್ನುವುದಕ್ಕೆ ಇನ್ನೊಂದು ಪುಸ್ತಕ ಹಿಡಿಯಿರಿ. ತೀರ್ಪು ಕೊಡುವ ಅವಸರ ಬೇಡ. ಯಾವ ವಾದ ಯಾರದ್ದು ಅನ್ನುವುದು ಕಾರ್ಡಿನಲ್ಲಿ ಕಲಸಿಹೋಗದಿದ್ದರೆ ಸಾಕು. ಮನೆಯಲ್ಲೋ ತರಗತಿಯಲ್ಲೋ ಯಾರಾದರೂ "ಇದೆಲ್ಲಾ ಯಾಕಪ್ಪಾ ಬರೀತೀಯಾ" ಅಂದರೆ, ಕಾರ್ಡು ಬರೆದಿಟ್ಟುಕೊಳ್ಳುವುದಕ್ಕೂ ಪ್ರಾಜೆಕ್ಟಿಗೆ ಸೇರಿಸುವುದಕ್ಕೂ ವ್ಯತ್ಯಾಸ ಇದೆ ಅನ್ನಿ. ಸೇರಿಸುವುದೇ ಒಳ್ಳೆಯದು ಅಂತ ನನ್ನ ಅಭಿಪ್ರಾಯ.

ಹಂತ 10: ಹೋಗಿ ನೋಡುವುದು, ಕೇಳುವುದು

ಮುದ್ದೇನಹಳ್ಳಿಯಲ್ಲಿ ಅವರ ಮನೆ, ಸಮಾಧಿ ಇವೆ. ಹೋದರೆ ಫಲಕಗಳ ಫೋಟೊ ತೆಗೆದು ಅದಕ್ಕೂ ಮೂಲ ನಂಬರ್ ಕೊಡಿ. ಕಲ್ಲಿನಲ್ಲಿ ಕೆತ್ತಿದ್ದಾರೆ ಅಂದ ಮಾತ್ರಕ್ಕೆ ಸತ್ಯ ಅಂತಲ್ಲ, ಅದನ್ನೂ ಯಾರೋ ಬರೆದುಕೊಟ್ಟಿದ್ದು. ಬೆಂಗಳೂರಿನ ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ಮ್ಯೂಸಿಯಂ ವಿಜ್ಞಾನ, ತಂತ್ರಜ್ಞಾನದ್ದು. ಜೀವನಚರಿತ್ರೆ ಹುಡುಕಿಕೊಂಡು ಹೋದರೆ ನಿರಾಸೆ.

ನಿಮ್ಮ ವ್ಯಕ್ತಿ ಊರಿನ ಮೇಷ್ಟ್ರೋ ಸೂಲಗಿತ್ತಿಯೋ ಆಗಿದ್ದರೆ ಪುಸ್ತಕವೇ ಇರುವುದಿಲ್ಲ, ಕಂಡವರನ್ನು ಕೇಳಬೇಕು. ರೆಕಾರ್ಡ್ ಮಾಡುವ ಮೊದಲು ಒಪ್ಪಿಗೆ ಕೇಳಿ. "ಅಜ್ಜಿ, ಅದು ಯಾವ ಇಸವಿ?" ಅಂದರೆ ಉತ್ತರ ಬರುವುದಿಲ್ಲ. "ಇಂದಿರಾ ಗಾಂಧಿ ಚಿಕ್ಕಮಗಳೂರಲ್ಲಿ ನಿಂತಿದ್ರಲ್ಲ, ಅದಕ್ಕೆ ಮುಂಚೆಯಾ ಆಮೇಲಾ?" ಅಂದರೆ ಥಟ್ಟನೆ ಬರುತ್ತದೆ, 1978 ನಿಮ್ಮ ಗೂಟವಾಗುತ್ತದೆ. ಕಾರ್ಡಿನಲ್ಲಿ ಹೇಳಿದವರು ಅದನ್ನು ಕಣ್ಣಾರೆ ಕಂಡರೋ, ಬೇರೆಯವರಿಂದ ಕೇಳಿದರೋ ಅಂತ ಬರೆಯಿರಿ. ಅದೇ ದಿನ ಸಂಜೆ ಬರೆದು ಮುಗಿಸಿ.

ಎಐ ಚಾಟ್‌ಬಾಟ್ ಬಗ್ಗೆ ಎರಡೇ ಮಾತು. ಅದು ಹೇಳಿದ ಪುಸ್ತಕ, ಪುಟ, ಉದ್ಧರಣೆ ಇಲ್ಲದ್ದೂ ಆಗಿರಬಹುದು. ನೀವು ಕಣ್ಣಿಂದ ನೋಡದ ಮೂಲಕ್ಕೆ ನಂಬರ್ ಕೊಡಬೇಡಿ.

ಹಂತ 11: ಕಾರ್ಡಿನಿಂದ ಬರಹಕ್ಕೆ

ಓದು ಎಲ್ಲಿ ನಿಲ್ಲಿಸಬೇಕು? ಹೊಸ ಪುಸ್ತಕ ತೆರೆದರೂ ಹೊಸ ಕಾರ್ಡು ಹುಟ್ಟುತ್ತಿಲ್ಲ ಅಂದಾಗ. ಆಗ ನೆಲದ ಮೇಲೆ ಎಲ್ಲವನ್ನೂ ಹರಡಿ. ತಲೆಬರಹ ನೋಡಿ ಗುಡ್ಡೆ ಮಾಡಿ. ಫ್ಯಾನ್ ಆಫ್ ಮಾಡಿಕೊಳ್ಳಿ. ಒಂದು ಗುಡ್ಡೆಯಲ್ಲಿ ಎರಡೇ ಕಾರ್ಡು ಇದ್ದರೆ ಅಲ್ಲಿ ಇನ್ನೂ ಓದಬೇಕು, ಇಲ್ಲವೇ ಆ ಭಾಗ ಬಿಡಬೇಕು. ನಲವತ್ತು ಇದ್ದರೆ ಅದನ್ನು ಒಡೆಯಬೇಕು. ಎಲ್ಲಾ ಕಾರ್ಡೂ ಒಂದೇ ಮೂಲದ್ದಾದರೆ ಆ ಅಧ್ಯಾಯ ನಿಮ್ಮದಲ್ಲ, ಆ ಲೇಖಕರದು.

ಕರಡು ಬರೆಯುವಾಗ ಪ್ರತಿ ಸಂಗತಿಯ ಪಕ್ಕ ಮೂಲದ ನಂಬರ್, ಪುಟ ಹಾಕುತ್ತಾ ಹೋಗಿ. ಅಡಿಟಿಪ್ಪಣಿಯ ರೂಪಕ್ಕೆ ಆಮೇಲೆ ತರಬಹುದು. ಪ್ರಶ್ನಾರ್ಥಕ ಚಿಹ್ನೆಯ ಕಾರ್ಡುಗಳು ಕೊನೆಗೂ ಕೆಲವು ಉಳಿಯುತ್ತವೆ. ಅವುಗಳಿಗೆ "ಇನ್ನೂ ಖಚಿತವಾಗದ ವಿಷಯಗಳು" ಅಂತ ಅರ್ಧ ಪುಟ ಕೊಡಿ. ಮೌಲ್ಯಮಾಪನ ಮಾಡುವವರಿಗೆ ಇಡೀ ಪ್ರಾಜೆಕ್ಟಿನಲ್ಲಿ ಹೆಚ್ಚು ಹಿಡಿಸುವುದು ಬಹಳ ಸಲ ಆ ಅರ್ಧ ಪುಟವೇ. ಮತ್ತೆ, ವೈವಾ ಮುಗಿಯುವ ತನಕ ಕಾರ್ಡುಗಳನ್ನು ರದ್ದಿಗೆ ಹಾಕಬೇಡಿ.